ಆರ್ಗ್ಯಾನಿಕ್ ಸೋಲಾರ್ ಸೆಲ್‌ಗೆ ಚಿನ್ನ ಬೆಳ್ಳಿ ನ್ಯಾನೋಕಣ ಹಾಕೋದು ಹೇಗೆ, ಹಾಕಿದ್ಮೇಲೆ ಪರೀಕ್ಷೆ ಮಾಡೋದು ಹೇಗೆ

ಆರ್ಗ್ಯಾನಿಕ್ ಸೋಲಾರ್ ಸೆಲ್ ಒಳಗೆ ಚಿನ್ನದ ಕಣ ಹಾಕಿದ್ರೆ ಕರೆಂಟ್ ಜಾಸ್ತಿ ಬರುತ್ತೆ ಅಂತ ಓದಿ, ಅದನ್ನೇ ಪ್ರಾಜೆಕ್ಟ್ ಮಾಡ್ಬೇಕು ಅಂತ ಹೊರಡೋ ಎಂಎಸ್ಸಿ, ಎಂಟೆಕ್ ಹುಡುಗರು ಹುಡುಗೀರು ಬೆಂಗಳೂರಲ್ಲಿ ತುಂಬ ಜನ ಇದ್ದಾರೆ, ಇದು ಅವರಿಗೋಸ್ಕರ. ಕಣ ಮಾಡೋದು ಅಂಥ ಕಷ್ಟ ಅಲ್ಲ, ಸೆಲ್ ಒಳಗೆ ಸೇರಿಸೋದೂ ಕಷ್ಟ ಅಲ್ಲ. ಹೆಚ್ಚಾದ ಕರೆಂಟು ನಿಜವಾಗ್ಲೂ ಬೆಳಕು ಜಾಸ್ತಿ ಹೀರಿದ್ದಕ್ಕೆ ಬಂತಾ ಇಲ್ಲ ಬೇರೆ ಏನೋ ಕಾರಣಕ್ಕಾ ಅಂತ ತೋರ್ಸೋದೇ ಕಷ್ಟ. ಆ ಕಷ್ಟದಲ್ಲಿ ಅರ್ಧದಷ್ಟು, ಲ್ಯಾಬ್‌ಗೆ ಹೋಗೋಕೆ ಮುಂಚೆ ಪೇಪರ್ ಮೇಲೆ ಲೆಕ್ಕ ಹಾಕಿದ್ರೆ ಕಮ್ಮಿ ಆಗುತ್ತೆ, ಹಾಗಾಗಿ ಕೈಕೆಲಸದ ಜೊತೆಗೆ ಲೆಕ್ಕಾನೂ ಹೇಳ್ತೀನಿ.

ಕಣ ಯಾಕೆ ಬೇಕು ಅಂತ ಮೊದ್ಲು

ಮನೆ ಮೇಲೆ ಹಾಕಿಸೋ ಪ್ಯಾನೆಲ್‌ನಲ್ಲಿ ಸಿಲಿಕಾನ್ ಬಿಲ್ಲೆ ಸುಮಾರು 150 ಮೈಕ್ರಾನ್ ದಪ್ಪ ಇರುತ್ತೆ. ಆರ್ಗ್ಯಾನಿಕ್ ಸೆಲ್‌ನಲ್ಲಿ ಬೆಳಕು ಹೀರೋ ಪದರ ಅಂದ್ರೆ ಆಕ್ಟಿವ್ ಲೇಯರ್ ಬರೀ 100 ನ್ಯಾನೋಮೀಟರ್ ಆಸುಪಾಸು, ಸಾವಿರ ಪಟ್ಟಿಗಿಂತ ತೆಳು. ದಪ್ಪ ಮಾಡ್ಬಹುದಲ್ಲ ಅಂದ್ರೆ ಆಗಲ್ಲ. ಪಾಲಿಮರ್‌ಗೆ ಬೆಳಕು ಬಿದ್ರೆ ಹುಟ್ಟೋದು ನೇರವಾಗಿ ಕರೆಂಟ್ ಅಲ್ಲ, ಎಕ್ಸೈಟಾನ್ ಅನ್ನೋ ಎಲೆಕ್ಟ್ರಾನ್-ಹೋಲ್ ಜೋಡಿ, ಅದು ಸುಮಾರು 10 ನ್ಯಾನೋಮೀಟರ್ ಓಡಾಡೋಷ್ಟರಲ್ಲಿ ಡೋನರ್ (ಎಲೆಕ್ಟ್ರಾನ್ ಕೊಡೋ ವಸ್ತು) ಮತ್ತೆ ಅಕ್ಸೆಪ್ಟರ್ (ಅದನ್ನ ತಗೊಳ್ಳೋ ವಸ್ತು) ಸೇರೋ ಗಡಿ ಸಿಗಲಿಲ್ಲ ಅಂದ್ರೆ ಸತ್ತುಹೋಗುತ್ತೆ. ಅದಕ್ಕೇ ಎರಡನ್ನೂ ಕಲಸಿ ಒಂದೇ ಪದರ ಮಾಡೋ ಬಲ್ಕ್ ಹೆಟೆರೋಜಂಕ್ಷನ್ ಬಂತು, 1995ರಲ್ಲಿ ಹೀಗರ್ ಅವರ ಗುಂಪು ಪಾಲಿಮರ್ ಮತ್ತೆ ಫುಲ್ಲರೀನ್ ಕಲಸಿ ತೋರ್ಸಿದ್ದು ಇದನ್ನೇ. ಎಕ್ಸೈಟಾನ್ ತೊಂದರೆ ಏನೋ ಕಮ್ಮಿ ಆಯ್ತು, ಆದ್ರೆ ಬೇರೆಯಾದ ಚಾರ್ಜ್‌ಗಳು ಎಲೆಕ್ಟ್ರೋಡ್ ತನಕ ಹೋಗ್ಬೇಕಲ್ಲ, ಆ ದಾರಿ ನಿಧಾನ, ಪದರ ದಪ್ಪ ಆದಷ್ಟೂ ಮಧ್ಯದಲ್ಲೇ ಮತ್ತೆ ಸೇರಿಕೊಂಡು ವ್ಯರ್ಥ ಆಗ್ತವೆ, ಫಿಲ್ ಫ್ಯಾಕ್ಟರ್, ಅಂದ್ರೆ ಗರಿಷ್ಠ ವೋಲ್ಟೇಜನ್ನ ಗರಿಷ್ಠ ಕರೆಂಟ್‌ನಿಂದ ಗುಣಿಸಿದ್ರಲ್ಲಿ ನಿಜವಾಗಿ ಕೈಗೆ ಸಿಗೋ ಪವರ್‌ನ ಪಾಲು, ಬಿದ್ದುಹೋಗುತ್ತೆ. ತೆಳು ಮಾಡಿದ್ರೆ ಬೆಳಕು ಹೀರದೇ ವಾಪಸ್ ಹೋಗುತ್ತೆ. ಅತ್ತ ದರಿ ಇತ್ತ ಪುಲಿ. ದಪ್ಪ ಹೆಚ್ಚಿಸದೇ ಬೆಳಕನ್ನ ಪದರದ ಒಳಗೇ ಇನ್ನೂ ಸ್ವಲ್ಪ ಹೊತ್ತು ಹಿಡಿದಿಡೋದು ಹೇಗೆ ಅನ್ನೋ ಪ್ರಶ್ನೆಗೆ ಲೋಹದ ನ್ಯಾನೋಕಣ ಒಂದು ಉತ್ತರ.

ಕಣ ಏನು ಮಾಡುತ್ತೆ ಅಂದ್ರೆ, ಚಿನ್ನ ಬೆಳ್ಳಿ ಒಳಗಿರೋ ಸ್ವತಂತ್ರ ಎಲೆಕ್ಟ್ರಾನ್‌ಗಳು ಒಂದು ನಿರ್ದಿಷ್ಟ ವೇವ್‌ಲೆಂತ್ ಬೆಳಕು ಬಿದ್ದಾಗ ಎಲ್ಲ ಒಟ್ಟಿಗೆ ತೂಗಾಡ್ತವೆ, ಇದೇ ಪ್ಲಾಸ್ಮಾನ್ ರೆಸೊನೆನ್ಸ್. ಆಗ ಎರಡು ಪರಿಣಾಮ. ಒಂದು, ಕಣದ ಮೈಗೆ ಅಂಟಿಕೊಂಡ ಹಾಗೆ ಇರೋ ಜಾಗದಲ್ಲಿ ಎಲೆಕ್ಟ್ರಿಕ್ ಫೀಲ್ಡ್ ಜೋರಾಗುತ್ತೆ, ಇದನ್ನ ನಿಯರ್ ಫೀಲ್ಡ್ ಅಂತಾರೆ. ಇನ್ನೊಂದು, ಕಣ ಬೆಳಕನ್ನ ಓರೆಯಾಗಿ ಚದುರಿಸುತ್ತೆ, ಓರೆಯಾಗಿ ಹೋದ ಬೆಳಕು ಪದರದಲ್ಲಿ ಜಾಸ್ತಿ ದೂರ ಸಾಗುತ್ತೆ. ಮೂರನೇದು ಒಂದಿದೆ, ಹಿಂದಿನ ಎಲೆಕ್ಟ್ರೋಡನ್ನೇ ಸಣ್ಣ ಗೆರೆಗಳಾಗಿ ರೂಪಿಸಿ ಬೆಳಕನ್ನ ಪದರದ ಉದ್ದಕ್ಕೂ ಹರಿಸೋದು. ಅದಕ್ಕೆ ಲಿಥೋಗ್ರಫಿ ಬೇಕು, ಒಂದು ವರ್ಷದ ಪ್ರಾಜೆಕ್ಟ್‌ಗೆ ಆ ದಾರಿ ಬೇಡ.

ಸೈಜ್ ವಿಷಯ ಇಲ್ಲೇ ಗಟ್ಟಿ ಮಾಡ್ಕೊಳ್ಳಿ, ಮುಂದಿನ ಎಲ್ಲ ನಿರ್ಧಾರ ಇದರ ಮೇಲೆ ನಿಂತಿದೆ. ಕಣ ಸಣ್ಣದಿದ್ದಾಗ ಅದು ಹೀರೋ ಬೆಳಕು ಕಣದ ಗಾತ್ರಕ್ಕೆ ಅಂದ್ರೆ ವಾಲ್ಯೂಮ್‌ಗೆ ತಕ್ಕ ಹಾಗೆ ಏರುತ್ತೆ, ಚದುರಿಸೋ ಬೆಳಕು ವಾಲ್ಯೂಮ್‌ನ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ಅಂದ್ರೆ 15 ನ್ಯಾನೋಮೀಟರ್ ಚಿನ್ನದ ಕಣ ಬೆಳಕು ಚದುರಿಸೋದೇ ಇಲ್ಲ ಅನ್ನೋಷ್ಟು ಕಮ್ಮಿ, ಹಿಡಿದ ಬೆಳಕನ್ನೆಲ್ಲ ತಾನೇ ಹೀರಿ ಬಿಸಿ ಮಾಡ್ಕೊಳ್ಳುತ್ತೆ. ಆ ಬಿಸಿ ನಿಮ್ಮ ಸೆಲ್‌ಗೆ ನಷ್ಟ. ಚದುರಿಸೋ ಕೆಲಸ ಬೇಕು ಅಂದ್ರೆ 50 ನ್ಯಾನೋಮೀಟರ್ ದಾಟ್ಬೇಕು, 80 ಆದ್ರೆ ಇನ್ನೂ ಒಳ್ಳೇದು. ನಿಯರ್ ಫೀಲ್ಡ್ ಬೇಕು ಅಂದ್ರೆ ಸಣ್ಣ ಕಣ ಆಗುತ್ತೆ, ಆದ್ರೆ ಆ ಫೀಲ್ಡ್ ಕಣದ ರೇಡಿಯಸ್‌ನಷ್ಟು ದೂರದಲ್ಲೇ ಕರಗಿಹೋಗುತ್ತೆ, ಹಾಗಾಗಿ ಕಣ ಆಕ್ಟಿವ್ ಲೇಯರ್‌ಗೆ ಮುಟ್ಟಿಕೊಂಡೇ ಇರ್ಬೇಕು.

ಯಾವ ಲೋಹ, ಯಾವ ವೇವ್‌ಲೆಂತ್

ಪುಸ್ತಕದಲ್ಲಿ ರೆಸೊನೆನ್ಸ್ ಪೀಕ್ ಚಿನ್ನಕ್ಕೆ 520, ಬೆಳ್ಳಿಗೆ 400 ನ್ಯಾನೋಮೀಟರ್ ಅಂತ ಇರೋದು ನೀರಿನಲ್ಲಿ ತೇಲೋ ಸಣ್ಣ ಕಣಕ್ಕೆ. ಪಾಲಿಮರ್ ಒಳಗೆ ರಿಫ್ರಾಕ್ಟಿವ್ ಇಂಡೆಕ್ಸ್ 1.8ರಿಂದ 1.9 ಇರುತ್ತೆ, ಅಲ್ಲಿ ಅದೇ ಚಿನ್ನದ ಕಣದ ಪೀಕ್ 555ರಿಂದ 570ರ ಕಡೆಗೆ, ಬೆಳ್ಳಿಯದು 460ರ ಸುತ್ತಮುತ್ತ ಜರುಗುತ್ತೆ. ಇದನ್ನ ನೀವೇ ತೆಗೀಬಹುದು, ಲೋಹದ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್‌ನ ರಿಯಲ್ ಭಾಗ, ಸುತ್ತಲಿನ ವಸ್ತುವಿನ ಇಂಡೆಕ್ಸ್ ವರ್ಗದ ಮೈನಸ್ ಎರಡರಷ್ಟು ಆಗೋ ವೇವ್‌ಲೆಂತ್ ಹುಡುಕಿದ್ರೆ ಸಾಕು. ಚಿನ್ನ ಬೆಳ್ಳಿಗೆ ಜಾನ್ಸನ್ ಮತ್ತೆ ಕ್ರಿಸ್ಟಿ 1972ರಲ್ಲಿ ಅಳೆದ ನಂಬರ್‌ಗಳನ್ನೇ ಇವತ್ತಿಗೂ ಎಲ್ಲರೂ ಬಳಸ್ತಾರೆ.

ಈಗ ಪಿ3ಎಚ್‌ಟಿ ಅನ್ನೋ ಡೋನರ್ ಪಾಲಿಮರ್, ಪಿಸಿಬಿಎಂ ಅನ್ನೋ ಫುಲ್ಲರೀನ್ ಅಕ್ಸೆಪ್ಟರ್ ಎರಡೂ ಕಲಸಿದ ಪದರದ ಸ್ಪೆಕ್ಟ್ರಮ್ ಪಕ್ಕದಲ್ಲಿ ಇಟ್ಕೊಂಡು ನೋಡಿ. ಅದು 510ರಲ್ಲಿ ಚೆನ್ನಾಗಿ ಹೀರುತ್ತೆ, 550 ಮತ್ತೆ 600ರಲ್ಲಿ ಭುಜದ ತರ ಸಣ್ಣ ಉಬ್ಬು ಇದೆ, 650 ದಾಟಿದ್ರೆ ಏನೂ ಇಲ್ಲ. ಚೆನ್ನಾಗಿ ಹೀರ್ತಿರೋ ಜಾಗದಲ್ಲೇ ಕಣದ ಪೀಕ್ ಕೂರಿಸಿದ್ರೆ ಲಾಭ ಕಮ್ಮಿ, ಕಣವೇ ಪಾಲಿಮರ್ ಜೊತೆ ಪೈಪೋಟಿಗೆ ನಿಲ್ಲುತ್ತೆ. ಹೀರೋ ಶಕ್ತಿ ಕುಸೀತಿರೋ ಅಂಚು, ಅಂದ್ರೆ 600ರಿಂದ 650, ಅಲ್ಲಿ ಸಹಾಯ ಬೇಕಾಗಿರೋದು. ಇನ್ನೊಂದು ವಿಷಯ, ಕಣ ಬೆಳಕು ಬರೋ ಮುಂದಿನ ಕಡೆ ಇದ್ರೆ, ರೆಸೊನೆನ್ಸ್‌ಗಿಂತ ಗಿಡ್ಡ ವೇವ್‌ಲೆಂತ್‌ನಲ್ಲಿ ಚದುರಿದ ಬೆಳಕೂ ನೇರ ಬಂದ ಬೆಳಕೂ ಒಂದನ್ನೊಂದು ಹೊಡೆದು ಒಳಗೆ ಹೋಗೋ ಬೆಳಕೇ ಕಮ್ಮಿ ಆಗುತ್ತೆ, ಉದ್ದ ವೇವ್‌ಲೆಂತ್ ಕಡೆ ಮಾತ್ರ ಲಾಭ. ಹಾಗಾಗಿ ಪೀಕ್ ಅನ್ನ ನಿಮಗೆ ಲಾಭ ಬೇಕಾದ ಜಾಗಕ್ಕಿಂತ ಸ್ವಲ್ಪ ನೀಲಿ ಕಡೆಗೇ ಇಡಿ. ಈ ಎರಡೂ ಸೇರಿಸಿ ನೋಡಿದ್ರೆ ಪಿ3ಎಚ್‌ಟಿಗೆ 50-80 ನ್ಯಾನೋಮೀಟರ್ ಚಿನ್ನ ಹೊಂದುತ್ತೆ. ಬೆಳ್ಳಿ ಬೆಳಕು ಹೀರಿ ಹಾಳು ಮಾಡೋದು ಚಿನ್ನಕ್ಕಿಂತ ಕಮ್ಮಿ, ಆ ದೃಷ್ಟೀಲಿ ಬೆಳ್ಳೀನೇ ಮೇಲು, ಆದ್ರೆ ಅದು ಆಕ್ಸಿಡೈಜ್ ಆಗುತ್ತೆ, ಗಂಧಕ ತಾಗಿದ್ರೆ ಕಪ್ಪಾಗುತ್ತೆ, ಪದರದ ಒಳಗೆ ಓಡಾಡುತ್ತೆ ಕೂಡ.

2019ರಲ್ಲಿ ಬಂದ ವೈ6 ತರದ ಅಕ್ಸೆಪ್ಟರ್ ಇರೋ ಸೆಲ್ ಮಾಡ್ತಿದ್ರೆ ಲೆಕ್ಕವೇ ಬೇರೆ. ಅದು 800 ದಾಟಿ ಹೀರುತ್ತೆ, ತೆಳು ಪದರದಲ್ಲೂ ಬೆಳಕಿನ ಬಹುಪಾಲು ಹೀರಿಯಾಗಿರುತ್ತೆ, ಗೋಲಾಕಾರದ ಚಿನ್ನದ ಕಣಕ್ಕೆ ಅಲ್ಲಿ ಉಳಿದಿರೋ ಕೆಲಸ ಬಹಳ ಕಮ್ಮಿ. ಕಣದ ಪರಿಣಾಮ ಕಲಿಯೋಕೆ ಪಿ3ಎಚ್‌ಟಿನೇ ಒಳ್ಳೆ ಪಾಠಶಾಲೆ ಅನ್ನೋದು ನನ್ನ ಅಭಿಪ್ರಾಯ, ಮೆಟೀರಿಯಲ್ ಸುಲಭವಾಗಿ ಸಿಗುತ್ತೆ, ಅದರ ಗುಣ ಎಲ್ಲ ಎಲ್ಲರಿಗೂ ಗೊತ್ತು.

ಕಣ ಇಲ್ಲದ ಸೆಲ್ ಮೊದ್ಲು ಸರಿ ಬರಲಿ

ಐಟಿಓ ಗಾಜನ್ನ, ಅಂದ್ರೆ ಕರೆಂಟ್ ಹರಿಯೋ ಪಾರದರ್ಶಕ ಪದರ ಇರೋ ಗಾಜನ್ನ, ಸೋಪು ನೀರು, ಡಿಐ (ಅಯಾನು ತೆಗೆದ) ನೀರು, ಅಸಿಟೋನ್, ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹೀಗೆ ಒಂದೊಂದರಲ್ಲೂ 10-15 ನಿಮಿಷ ಸೋನಿಕೇಟ್ ಮಾಡಿ, ಆಮೇಲೆ ಯುವಿ-ಓಜೋನ್ ಇಲ್ಲ ಪ್ಲಾಸ್ಮಾ. ಪೆಡಾಟ್-ಪಿಎಸ್‌ಎಸ್ (ಹೋಲ್ ಸಾಗಿಸೋ ಪಾಲಿಮರ್) ದ್ರಾವಣವನ್ನ 0.45 ಮೈಕ್ರಾನ್ ಫಿಲ್ಟರಲ್ಲಿ ಸೋಸಿ, ಗಾಜನ್ನ 4000-5000 ಆರ್‌ಪಿಎಂನಲ್ಲಿ ತಿರುಗಿಸಿ ಅಂದ್ರೆ ಸ್ಪಿನ್ ಮಾಡಿ ಹಾಕಿದ್ರೆ 30-40 ನ್ಯಾನೋಮೀಟರ್ ಬರುತ್ತೆ, 140 ಡಿಗ್ರೀಲಿ 10-15 ನಿಮಿಷ ಒಣಗಿಸಿ. ಅದರ ಮೇಲೆ ಪಿ3ಎಚ್‌ಟಿ-ಪಿಸಿಬಿಎಂ, ಅನೀಲ್ (ಬಿಸಿ ಮಾಡಿ ಪದರ ಹದಗೊಳಿಸೋದು), ಕೊನೇಗೆ ವ್ಯಾಕ್ಯೂಮಲ್ಲಿ 1 ನ್ಯಾನೋಮೀಟರ್ ಲಿಥಿಯಂ ಫ್ಲೋರೈಡ್ ಮತ್ತೆ 100 ನ್ಯಾನೋಮೀಟರ್ ಅಲ್ಯುಮಿನಿಯಂ. ವೋಲ್ಟೇಜ್ 0.6, ಕರೆಂಟ್ ಚದರ ಸೆಂಟಿಮೀಟರಿಗೆ 9-10 ಮಿಲಿಆಂಪ್, ಫಿಲ್ ಫ್ಯಾಕ್ಟರ್ 0.6 ದಾಟಿದ್ರೆ, ಒಟ್ಟು ಎಫಿಶಿಯೆನ್ಸಿ 3ರಿಂದ 4 ಪರ್ಸೆಂಟ್ ಬಂದ್ರೆ ನಿಮ್ಮ ಸೆಲ್ ಚೆನ್ನಾಗಿದೆ. ಮುಖ್ಯ ಆ ನಂಬರ್ ಅಲ್ಲ, ಬೇರೆ ಬೇರೆ ದಿನ ಮಾಡಿದ ಸೆಲ್‌ಗಳಲ್ಲಿ ಆ ನಂಬರ್ ಎಷ್ಟು ಏರುಪೇರಾಗುತ್ತೆ ಅನ್ನೋದು. ನಿಮ್ಮ ಏರುಪೇರೇ 10 ಪರ್ಸೆಂಟ್ ಇದ್ರೆ ಕಣದಿಂದ ಬಂದ 5 ಪರ್ಸೆಂಟ್ ಲಾಭ ಅದರೊಳಗೆ ಮುಳುಗಿಹೋಗುತ್ತೆ. ಮಳೆಗಾಲದಲ್ಲಿ ಇದನ್ನ ಇನ್ನೂ ಜಾಸ್ತಿ ಗಮನಿಸಿ, ಪೆಡಾಟ್ ಗಾಳೀಲಿರೋ ತೇವ ಹೀರುತ್ತೆ, ಜೂನ್‌ನಲ್ಲಿ ಮಾಡಿದ ಸೆಲ್ಲನ್ನ ಫೆಬ್ರವರೀಲಿ ಮಾಡಿದ್ದರ ಜೊತೆ ಹೋಲಿಸ್ಬೇಡಿ. ಕಣ ಇರೋದು, ಇಲ್ಲದ್ದು ಎರಡೂ ಒಂದೇ ದಿನ, ಒಂದೇ ಬಾಟಲಿ, ಒಂದೇ ಇವಾಪೊರೇಶನ್‌ನಲ್ಲಿ ಆಗ್ಬೇಕು.

ಚಿನ್ನದ ಕಣ ಮಾಡೋದು

ಟರ್ಕೆವಿಚ್ 1951ರಲ್ಲಿ ಕೊಟ್ಟು ಫ್ರೆನ್ಸ್ 1973ರಲ್ಲಿ ಸೈಜ್ ಬದಲಾಯಿಸೋದು ಹೇಗೆ ಅಂತ ತೋರಿಸಿದ ಸಿಟ್ರೇಟ್ ವಿಧಾನವೇ ಸಾಕು. ಗಾಜಿನ ಸಾಮಾನೆಲ್ಲ ಮೊದ್ಲು ಆಕ್ವಾ ರೆಜಿಯಾದಲ್ಲಿ ತೊಳೀಬೇಕು, ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್, ಫ್ಯೂಮ್ ಹುಡ್ ಒಳಗೇ, ಹತ್ತಿರದಲ್ಲಿ ಅಸಿಟೋನ್, ಐಪಿಎ ಯಾವುದೂ ಇರಕೂಡದು, ಮಿಕ್ಕಿದ್ದನ್ನ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯೋದಂತೂ ಮಾಡ್ಲೇಬೇಡಿ, ಗ್ಯಾಸ್ ತುಂಬಿ ಒಡೆಯುತ್ತೆ. ತೊಳೆದ್ಮೇಲೆ ಅಲ್ಟ್ರಾಪ್ಯೂರ್ ನೀರಲ್ಲಿ ಚೆನ್ನಾಗಿ ಜಾಲಿಸಿ. ನಲ್ಲಿ ನೀರು ಬೇಡ, ಅದರಲ್ಲೂ ಬೋರ್‌ವೆಲ್ ನೀರಲ್ಲಿರೋ ಕ್ಯಾಲ್ಸಿಯಂ ಕಣಗಳನ್ನ ಗಂಟು ಕಟ್ಟಿಸುತ್ತೆ.

ಕ್ಲೋರೋಆರಿಕ್ ಆಸಿಡ್ ಹಳದಿ ಉಪ್ಪು, ಬಾಟಲಿ ತೆಗೆದು ಸ್ವಲ್ಪ ಹೊತ್ತು ಇಟ್ರೆ ಗಾಳಿ ತೇವಕ್ಕೇ ಕರಗಿ ಅಂಟಾಗುತ್ತೆ, ಸ್ಟೀಲ್ ಸ್ಪ್ಯಾಚುಲಾ ಮುಟ್ಟಿಸಿದ್ರೆ ಸ್ಟೀಲನ್ನೇ ತಿನ್ನುತ್ತೆ. ಪ್ಲಾಸ್ಟಿಕ್ ಸ್ಪ್ಯಾಚುಲಾದಲ್ಲಿ ಬೇಗ ತೂಗಿ, ಆಗಿಂದಾಗ್ಲೇ ಸ್ಟಾಕ್ ಸೊಲ್ಯೂಶನ್ ಮಾಡಿ ಕತ್ತಲಲ್ಲಿ ಇಟ್ಟುಬಿಡಿ. ಕೆಲಸಕ್ಕೆ ಬೇಕಾಗಿರೋದು 0.01 ಪರ್ಸೆಂಟ್ ದ್ರಾವಣ 50 ಎಂಎಲ್, ಅಂದ್ರೆ ಬರೀ 5 ಮಿಲಿಗ್ರಾಂ ಉಪ್ಪು. ಕಂಡೆನ್ಸರ್ ಹಾಕಿ, ಜೋರಾಗಿ ಸ್ಟಿರ್ ಮಾಡ್ತಾ ಕುದಿಸಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ನೀರು ಇಲ್ಲಿ 97 ಡಿಗ್ರೀಲೇ ಕುದಿಯುತ್ತೆ, ಥರ್ಮಾಮೀಟರ್ 100 ತೋರಿಸ್ತಿಲ್ಲ ಅಂತ ಕಾಯ್ತಾ ಕೂರ್ಬೇಡಿ, ಈ ರಿಯಾಕ್ಷನ್‌ಗೆ ಅಷ್ಟು ಸಾಕು. ಚೆನ್ನಾಗಿ ಕುದಿಯೋವಾಗ 1 ಪರ್ಸೆಂಟ್ ಟ್ರೈಸೋಡಿಯಂ ಸಿಟ್ರೇಟ್ 1 ಎಂಎಲ್ ಒಂದೇ ಸಲಕ್ಕೆ ಸುರೀರಿ, ಹನಿ ಹನಿಯಾಗಿ ಬೇಡ. ತಿಳಿ ಹಳದಿ ಬಣ್ಣ ಮೊದ್ಲು ಪೂರ್ತಿ ಹೋಗುತ್ತೆ, ಬರೀ ನೀರಿನ ಹಾಗೆ ಕಾಣುತ್ತೆ, ಒಂದು ನಿಮಿಷದ ಆಚೀಚೆ ಬೂದು ನೀಲಿ ಛಾಯೆ ಬರುತ್ತೆ, ಅದು ಗಾಢ ಆಗಿ ನೇರಳೆ, ಆಮೇಲೆ ದಾಳಿಂಬೆ ರಸದ ಕೆಂಪು. ಕೆಂಪು ನಿಂತ್ಮೇಲೂ 10 ನಿಮಿಷ ಕುದಿಸಿ ಆರೋಕೆ ಬಿಡಿ. ಇದು ಸುಮಾರು 16 ನ್ಯಾನೋಮೀಟರ್ ಕಣ. ಸಿಟ್ರೇಟ್ ಅರ್ಧ ಎಂಎಲ್‌ಗೆ ಇಳಿಸಿದ್ರೆ 40ರ ಹತ್ತಿರ ಬರುತ್ತೆ, ಆದ್ರೆ ದೊಡ್ಡದಾದಷ್ಟೂ ಆಕಾರ ಕೆಡುತ್ತೆ, ಒಂದೊಂದು ಒಂದೊಂದು ಸೈಜ್ ಆಗುತ್ತೆ. 50 ದಾಟಿ ಬೇಕು ಅಂದ್ರೆ ಸಣ್ಣ ಕಣವನ್ನೇ ಬೀಜವಾಗಿ ಇಟ್ಕೊಂಡು ಮೇಲೆ ಮೇಲೆ ಚಿನ್ನ ಬೆಳೆಸೋ ಸೀಡೆಡ್ ಗ್ರೋತ್ ಮಾಡಿ.

ಯುವಿ-ವಿಸಿಬಲ್ ಸ್ಪೆಕ್ಟ್ರಮ್ ತೆಗೆದಾಗ 520ರಲ್ಲಿ ಚೂಪಾದ ಪೀಕ್ ಇದ್ದು 650-700ರ ಕಡೆ ಗೆರೆ ತಳ ಮುಟ್ಟಿದ್ರೆ ಕಣಗಳು ಬಿಡಿ ಬಿಡಿಯಾಗಿವೆ. ಅಲ್ಲಿ ಬಾಲ ಎತ್ತಿದ್ರೆ ಗಂಟು ಕಟ್ಟಿವೆ ಅಂತ ಅರ್ಥ, ಆ ಬ್ಯಾಚ್ ಬಿಟ್ಟುಬಿಡಿ.

ಸೆಲ್ ಒಳಗೆ ಎಷ್ಟು ಕಣ ಸೇರುತ್ತೆ, ಈ ಲೆಕ್ಕ ಬಿಡ್ಬೇಡಿ

ಸಾಮಾನ್ಯವಾಗಿ ಎಲ್ಲರೂ ಮಾಡೋದು ಇಷ್ಟು, ಮಾಡಿದ ಕೆಂಪು ದ್ರಾವಣವನ್ನ ಹಾಗೇ ತಗೊಂಡು ಪೆಡಾಟ್ ಜೊತೆ 10 ಪರ್ಸೆಂಟ್ ಕಲಸಿ ಸ್ಪಿನ್ ಮಾಡ್ತಾರೆ. ಫಿಲಂನಲ್ಲಿ ಎಷ್ಟು ಕಣ ಉಳೀತು ಅಂತ ನೋಡೋಣ. 15 ನ್ಯಾನೋಮೀಟರ್ ಕಣದಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ಚಿನ್ನದ ಆಟಂ ಇರುತ್ತೆ. ದ್ರಾವಣದಲ್ಲಿ ಚಿನ್ನ 0.25 ಮಿಲಿಮೋಲಾರ್, ಅಂದ್ರೆ ಕಣಗಳ ಲೆಕ್ಕದಲ್ಲಿ 2.4 ನ್ಯಾನೋಮೋಲಾರ್, ಒಂದು ಎಂಎಲ್‌ಗೆ ಸುಮಾರು ಒಂದೂವರೆ ಲಕ್ಷ ಕೋಟಿ ಕಣ. ಕೇಳೋಕೆ ದೊಡ್ಡ ಸಂಖ್ಯೆ. ಆದ್ರೆ ಸ್ಪಿನ್ ಮಾಡಿದಾಗ ಹೆಚ್ಚುಕಮ್ಮಿ ಎಲ್ಲಾ ಹೊರಗೆ ಹಾರಿಹೋಗುತ್ತೆ, ಒಂದು ಚದರ ಸೆಂಟಿಮೀಟರ್ ಮೇಲೆ 35 ನ್ಯಾನೋಮೀಟರ್ ಫಿಲಂ ಅಂದ್ರೆ 3.5 ಮೈಕ್ರೋಗ್ರಾಂ ಪೆಡಾಟ್, 1.5 ಪರ್ಸೆಂಟ್ ಘನ ಇರೋ ದ್ರಾವಣದಲ್ಲಿ ಅದು ಕಾಲು ಮೈಕ್ರೋಲೀಟರ್‌ಗೂ ಕಮ್ಮಿ. ಅದರ ಜೊತೆ ಬಂದ ಚಿನ್ನದ ದ್ರಾವಣ ಇನ್ನೂ ಹತ್ತು ಪಟ್ಟು ಕಮ್ಮಿ. ಕೊನೇಗೆ ಒಂದು ಚದರ ಸೆಂಟಿಮೀಟರ್‌ಗೆ ಉಳಿಯೋದು 4 ಕೋಟಿ ಕಣ, ಅಂದ್ರೆ ಒಂದು ಚದರ ಮೈಕ್ರಾನ್‌ಗೆ ಅರ್ಧ ಕಣವೂ ಇಲ್ಲ. ಎಲ್ಲಾ ಕಣಗಳ ನೆರಳು ಸೇರಿಸಿದ್ರೂ ಸೆಲ್‌ನ ಏರಿಯಾದಲ್ಲಿ 0.01 ಪರ್ಸೆಂಟ್ ಮುಚ್ಚಲ್ಲ.

ಇಷ್ಟು ವಿರಳವಾಗಿರೋ ಕಣಗಳಿಂದ ಬೆಳಕಿನ ಹೀರಿಕೆ 10 ಪರ್ಸೆಂಟ್ ಏರೋಕೆ ಸಾಧ್ಯವೇ ಇಲ್ಲ. ಹಾಗಿದ್ರೂ ಕರೆಂಟ್ ಏರಿದ್ರೆ ಅದಕ್ಕೆ ಬೇರೆ ಕಾರಣ ಹುಡುಕ್ಬೇಕು.

ಸೆಂಟ್ರಿಫ್ಯೂಜ್ ಮಾಡಿ ನೂರು ಪಟ್ಟು ಗಟ್ಟಿ ಮಾಡಿದ್ರೆ, 100 ಎಂಎಲ್ ಅನ್ನ 1 ಎಂಎಲ್‌ಗೆ ಇಳಿಸಿದ್ರೆ, ಚದರ ಮೈಕ್ರಾನ್‌ಗೆ 40ರ ಹತ್ತಿರ ಕಣ ಬರುತ್ತೆ, ಕಣದಿಂದ ಕಣಕ್ಕೆ 160 ನ್ಯಾನೋಮೀಟರ್ ದೂರ. ಆಗ್ಲೂ ಪೀಕ್ ವೇವ್‌ಲೆಂತ್‌ನಲ್ಲಿ ಕಣಗಳು ತಡೆಹಿಡಿಯೋ ಬೆಳಕು ಅರ್ಧ ಪರ್ಸೆಂಟ್ ಅಷ್ಟೇ, ಅದರಲ್ಲಿ ಬಹುಪಾಲು ಕಣದ ಒಳಗೇ ಬಿಸಿ ಆಗಿ ಹೋಗುತ್ತೆ. ಮೇಲಾಗಿ 15 ನ್ಯಾನೋಮೀಟರ್ ಕಣ 35 ನ್ಯಾನೋಮೀಟರ್ ಪದರದ ತಳದಲ್ಲಿ ಹೂತುಹೋಗಿದ್ರೆ ಅದರ ನಿಯರ್ ಫೀಲ್ಡ್ ಏಳೆಂಟು ನ್ಯಾನೋಮೀಟರ್‌ನಲ್ಲೇ ಮುಗಿಯುತ್ತೆ, ಆಕ್ಟಿವ್ ಲೇಯರ್ ತನಕ ತಲುಪಲ್ಲ. ಈ ಲೆಕ್ಕ ನೋಡಿದ್ಮೇಲೆ ಪೆಡಾಟ್ ಒಳಗೆ 15 ನ್ಯಾನೋಮೀಟರ್ ಚಿನ್ನ ಹಾಕೋ ದಾರಿಯನ್ನ ಬೆಳಕಿನ ಲಾಭಕ್ಕೆ ಅಂತ ನಾನು ಯಾರಿಗೂ ಹೇಳಲ್ಲ. ಅಲ್ಲಿ ಹಾಕ್ಬೇಕು ಅಂದ್ರೆ 50-70 ನ್ಯಾನೋಮೀಟರ್ ಕಣ ಹಾಕಿ, ಅದರ ತಲೆ ಪೆಡಾಟ್‌ನಿಂದ ಹೊರಗೆ ಚಾಚಿ ಆಕ್ಟಿವ್ ಲೇಯರ್ ಒಳಗೆ ಇರುತ್ತೆ. ಶಾರ್ಟ್ ಆಗೋ ಭಯ ಇದೆ, ಆಕ್ಟಿವ್ ಲೇಯರ್ ಸ್ವಲ್ಪ ದಪ್ಪ ಇಟ್ಕೊಳ್ಳಿ, ಡಾರ್ಕ್ ಕರೆಂಟ್ ಗೆರೆಯಲ್ಲಿ ಲೀಕೇಜ್ ನೋಡಿ.

ಪೆಡಾಟ್ ಆಸಿಡ್ ಅನ್ನೋದು ಮರೀಬೇಡಿ

ಪೆಡಾಟ್-ಪಿಎಸ್‌ಎಸ್ ಪಿಎಚ್ 1ರಿಂದ 2. ಸಿಟ್ರೇಟ್ ಮೈತುಂಬ ಇರೋ ಕಣಗಳು ಒಂದನ್ನೊಂದು ದೂರ ತಳ್ಳೋದು ನೆಗೆಟಿವ್ ಚಾರ್ಜ್ ಬಲದಿಂದ, ಆಸಿಡ್‌ಗೆ ಬಿದ್ದ ತಕ್ಷಣ ಸಿಟ್ರೇಟ್‌ಗೆ ಪ್ರೋಟಾನ್ ಅಂಟಿ ಆ ಚಾರ್ಜ್ ಹೋಗುತ್ತೆ, ಕಣಗಳು ಗುಂಪು ಕಟ್ಟುತ್ತವೆ. ಪೆಡಾಟ್ ತಾನೇ ಗಾಢ ನೀಲಿ, ಬಣ್ಣ ಬದಲಾಗಿದ್ದು ಕಣ್ಣಿಗೆ ಗೊತ್ತೇ ಆಗಲ್ಲ. ಅದಕ್ಕೆ ಒಂದು ಸುಲಭ ಪರೀಕ್ಷೆ, ಅದೇ ಪಿಎಚ್‌ಗೆ ಹೈಡ್ರೋಕ್ಲೋರಿಕ್ ಆಸಿಡ್ ನೀರು ಮಾಡಿ ಒಂದು ಚಿಕ್ಕ ಗಾಜಿನ ಬಾಟಲೀಲಿ ಕಣ ಹಾಕಿ ನೋಡಿ, ನಿಮಿಷದಲ್ಲಿ ಕೆಂಪು ನೀಲಿಯಾದ್ರೆ ನಿಮ್ಮ ಕಣ ಪೆಡಾಟ್‌ನಲ್ಲೂ ಬದುಕಲ್ಲ. ಮುಂಚೇನೇ ಪಿವಿಪಿ ಅನ್ನೋ ಪಾಲಿಮರ್ ಹಾಕಿ ರಾತ್ರಿಯೆಲ್ಲ ಸ್ಟಿರ್ ಮಾಡಿದ್ರೆ ಪಾಲಿಮರ್ ಕೋಟ್ ಕೂತು ಕಣ ಆಸಿಡ್ ತಡ್ಕೊಳ್ಳುತ್ತೆ. ಆಮೇಲೆ ಸೆಂಟ್ರಿಫ್ಯೂಜ್ ಮಾಡಿ ಹೆಚ್ಚಿನ ಪಿವಿಪಿ ತೆಗೀರಿ, ಅದು ಇನ್ಸುಲೇಟರ್, ಪದರದಲ್ಲಿ ಉಳಿದ್ರೆ ಕರೆಂಟ್‌ಗೆ ಅಡ್ಡ. 15 ನ್ಯಾನೋಮೀಟರ್ ಕಣಕ್ಕೆ 12,000 ಜಿ ಸುತ್ತಮುತ್ತ ಅರ್ಧ ಗಂಟೆ ಬೇಕಾಗುತ್ತೆ, 50 ನ್ಯಾನೋಮೀಟರ್‌ಗೆ 2,000-3,000 ಜಿ ಸಾಕು.

ಇವಾಪೊರೇಟರ್ ಇದ್ರೆ ಇನ್ನೊಂದು ದಾರಿ

ನನಗೆ ಇದೇ ಜಾಸ್ತಿ ಇಷ್ಟ. ಐಟಿಓ ಮೇಲೆ ಬೆಳ್ಳಿಯನ್ನ 5ರಿಂದ 10 ನ್ಯಾನೋಮೀಟರ್ ಇವಾಪೊರೇಟ್ ಮಾಡಿ ನೈಟ್ರೋಜನ್‌ನಲ್ಲಿ 200 ಡಿಗ್ರಿ ಆಸುಪಾಸು ಬಿಸಿ ಮಾಡಿದ್ರೆ ಆ ತೆಳು ಪದರ ತಾನಾಗೇ ಒಡೆದು ಸಣ್ಣ ಸಣ್ಣ ದ್ವೀಪಗಳಾಗುತ್ತೆ. ಕೆಮಿಸ್ಟ್ರಿ ಇಲ್ಲ, ಸಿಟ್ರೇಟ್ ಇಲ್ಲ, ಕಣ ಸಾಲದು ಅನ್ನೋ ಕೊರತೆ ಇಲ್ಲ. ಪದರದ ದಪ್ಪ ಅಳೆಯೋ ಕ್ರಿಸ್ಟಲ್ ಮಾನಿಟರ್ ನೋಡ್ಕೊಂಡು ದಪ್ಪ ಬದಲಾಯಿಸಿದ್ರೆ ದ್ವೀಪದ ಸೈಜೂ ಬದಲಾಗುತ್ತೆ, ಪೀಕ್ ಉದ್ದ ವೇವ್‌ಲೆಂತ್ ಕಡೆ ಜರುಗುತ್ತೆ. ಅದರ ಮೇಲೆ ಪೆಡಾಟ್ ಬೇಡ, ಆ ಆಸಿಡ್ ಬೆಳ್ಳಿಗೆ ಒಳ್ಳೇದಲ್ಲ, 5-10 ನ್ಯಾನೋಮೀಟರ್ ಮಾಲಿಬ್ಡಿನಂ ಆಕ್ಸೈಡ್ ಹಾಕಿ, ಅದೇ ಹೋಲ್ ಸಾಗಿಸೋ ಪದರವೂ ಆಗುತ್ತೆ, ಬೆಳ್ಳಿ ಮತ್ತೆ ಪಾಲಿಮರ್ ನಡುವೆ ತೆಳುವಾದ ಬೇಲಿಯೂ ಆಗುತ್ತೆ. ದ್ವೀಪಗಳು ಎಲ್ಲಾ ಒಂದೇ ಸೈಜ್ ಇರಲ್ಲ, ಪೀಕ್ ಅಗಲವಾಗಿರುತ್ತೆ, ಅದು ಸೋಲಾರ್‌ಗೆ ತೊಂದರೆಯೇನಲ್ಲ. ಕಂಟ್ರೋಲ್ ಗಾಜನ್ನೂ ಬೆಳ್ಳಿ ಇಲ್ಲದೇ ಅದೇ ಬಿಸಿಗೆ ಇಡಿ, ಯಾಕಂದ್ರೆ ಬಿಸಿಗೆ ಐಟಿಓ ರೆಸಿಸ್ಟೆನ್ಸೂ ಬದಲಾಗ್ಬಹುದು.

ಆಕ್ಟಿವ್ ಲೇಯರ್ ಒಳಗೇ ಹಾಕೋದಾದ್ರೆ

ಬೆತ್ತಲೆ ಲೋಹ ಬೇಡ. ಎಕ್ಸೈಟಾನ್ ಲೋಹದ ಹತ್ತಿರ ಬಂದ್ರೆ ತನ್ನ ಶಕ್ತಿ ಅದಕ್ಕೇ ಕೊಟ್ಟು ಸಾಯುತ್ತೆ, ಬೇರೆಯಾದ ಚಾರ್ಜ್‌ಗಳೂ ಲೋಹದ ಮೇಲೆ ಬಂದು ಸೇರಿಕೊಳ್ತವೆ. ಕೆಲವು ನ್ಯಾನೋಮೀಟರ್ ಸಿಲಿಕಾ ಚಿಪ್ಪು ಹಾಕಿದ್ರೆ ಎರಡೂ ನಿಲ್ಲುತ್ತೆ, ನಿಯರ್ ಫೀಲ್ಡ್ ಇನ್ನೂ ಹೊರಗೆ ತಲುಪುತ್ತೆ. 1968ರ ಸ್ಟೋಬರ್ ವಿಧಾನ, ಎಥನಾಲ್, ಅಮೋನಿಯಾ, ಮತ್ತೆ ಸಿಲಿಕಾ ಕೊಡೋ ಟಿಇಓಎಸ್ ಅನ್ನೋ ದ್ರವ. ಪಿವಿಪಿ ಕೋಟ್ ಮಾಡಿದ ಕಣದ ಮೇಲೆ ನೇರವಾಗಿ ಬೆಳೆಯುತ್ತೆ, ಟಿಇಓಎಸ್ ಕಮ್ಮಿ ಕಮ್ಮಿ ಹಾಕ್ತಾ ಹೋಗಿ, ಚಿಪ್ಪು 20 ನ್ಯಾನೋಮೀಟರ್ ಆದ್ರೆ ಫೀಲ್ಡ್ ಅದರೊಳಗೇ ಉಳೀತು. ಆಕ್ಟಿವ್ ಲೇಯರ್ ಕರಗಿಸೋ ಕ್ಲೋರೋಬೆಂಜೀನ್‌ಗೆ ಸೇರ್ಬೇಕಂದ್ರೆ ಮೇಲೆ ಉದ್ದ ಬಾಲದ ಸಿಲೇನ್ ಬೇಕು, ಇಲ್ಲಾಂದ್ರೆ ತಳಕ್ಕೆ ಕೂರುತ್ತೆ. ಕೆಲಸ ಜಾಸ್ತಿ, ಟಿಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ನೋಡದೇ ಒಂದು ಹೆಜ್ಜೆಯೂ ಮುಂದೆ ಹೋಗೋಕಾಗಲ್ಲ.

ಟಿಇಎಂ, ಎಸ್‌ಇಎಂ, ಇವಾಪೊರೇಟರ್ ನಿಮ್ಮ ಕಾಲೇಜಲ್ಲಿ ಇಲ್ಲದೇ ಇರ್ಬಹುದು, ಅದಕ್ಕೆ ಕೈಕಟ್ಟಿ ಕೂರೋದು ಬೇಡ. ಐಐಎಸ್ಸಿಯ ಸೆನ್ಸೆ ಅಂದ್ರೆ ನ್ಯಾನೋ ಸೈನ್ಸ್ ಮತ್ತೆ ಎಂಜಿನಿಯರಿಂಗ್ ಸೆಂಟರ್‌ನಲ್ಲಿ ಹೊರಗಿನ ಕಾಲೇಜಿನವರಿಗೂ ಸೌಲಭ್ಯ ಬಳಸೋಕೆ ಐಎನ್‌ಯುಪಿ ಅನ್ನೋ ಯೋಜನೆ ಇದೆ, ಗೈಡ್ ಮೂಲಕ ಪ್ರಪೋಸಲ್ ಬರೆದು ಕಳಿಸಿ. ಜಕ್ಕೂರಿನ ಜೆಎನ್‌ಸಿಎಎಸ್‌ಆರ್ ಸಂಶೋಧನಾ ಕೇಂದ್ರದಲ್ಲಿ ಆರ್ಗ್ಯಾನಿಕ್ ಸೆಲ್ ಮೇಲೆ ವರ್ಷಗಳಿಂದ ಕೆಲಸ ನಡೀತಿದೆ, ಅಲ್ಲಿನ ಸೆಮಿನಾರ್‌ಗಳಿಗೆ ಹೋಗಿ, ಪ್ರಶ್ನೆ ಕೇಳಿ. ಪ್ರಪೋಸಲ್‌ನಲ್ಲಿ ಮೇಲಿನ ತರ ಲೆಕ್ಕ ಒಂದು ಪುಟ ಇದ್ರೆ ಓದೋರಿಗೆ ನೀವು ವಿಷಯ ತಿಳ್ಕೊಂಡೇ ಬಂದಿದೀರ ಅಂತ ಗೊತ್ತಾಗುತ್ತೆ. ಸಿಮ್ಯುಲೇಶನ್‌ಗೆ ಮೀಪ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ಮಾಮೂಲಿ ಲ್ಯಾಪ್‌ಟಾಪಲ್ಲಿ ಒಂದು ಕಣದ ಸುತ್ತ ಫೀಲ್ಡ್ ನೋಡೋಕೆ ಸಾಕು.

ಕಂಟ್ರೋಲ್ ಸೆಲ್ ಮತ್ತೆ ಅಳತೆ

ಕಣದ ದ್ರಾವಣ ಸೇರಿಸಿದಾಗ ಪೆಡಾಟ್‌ಗೆ ನೀರೂ ಸೇರ್ತು, ಸಿಟ್ರೇಟೂ ಸೇರ್ತು, ಪಿವಿಪಿನೂ ಸೇರ್ತು. ಪದರ ತೆಳುವಾಯ್ತು, ಅದರ ರೆಸಿಸ್ಟೆನ್ಸ್ ಬದಲಾಯ್ತು, ಮೇಲ್ಮೈ ಒರಟಾಗಿ ಕಾಂಟ್ಯಾಕ್ಟ್ ಏರಿಯಾ ಹೆಚ್ಚಾಯ್ತು. ಇವೆಲ್ಲ ಕರೆಂಟ್ ಏರಿಸ್ಬಹುದು. ಹಾಂಗ್‌ಕಾಂಗ್ ಯೂನಿವರ್ಸಿಟಿಯ ಗುಂಪೊಂದು 2011ರಲ್ಲಿ ಪೆಡಾಟ್ ಒಳಗೆ ಚಿನ್ನದ ಕಣ ಹಾಕಿ ಲೆಕ್ಕ ಮತ್ತೆ ಪ್ರಯೋಗ ಎರಡೂ ಮಾಡಿ, ಲಾಭ ಮುಖ್ಯವಾಗಿ ಎಲೆಕ್ಟ್ರಿಕಲ್ ಕಾರಣಕ್ಕೆ ಬಂದಿದ್ದು, ಬೆಳಕಿನ ಪಾಲು ಬಹಳ ಕಮ್ಮಿ ಅಂತಲೇ ತೋರಿಸಿದ್ರು. ಹಾಗಾಗಿ ಕಂಟ್ರೋಲ್ ಅಂದ್ರೆ ಬರೀ ಪೆಡಾಟ್ ಅಲ್ಲ. ಹೆಚ್ಚಿನ ಪಿವಿಪಿ ತೆಗೆದಾದ್ಮೇಲೆ ಕೊನೇ ಸಲ ಸೆಂಟ್ರಿಫ್ಯೂಜ್ ಮಾಡಿದಾಗ ಮೇಲೆ ನಿಲ್ಲೋ ತಿಳಿ ನೀರು ಇದೆಯಲ್ಲ, ಅದನ್ನ ಚೆಲ್ಬೇಡಿ, ಕಣ ಬಿಟ್ಟು ಬಾಕಿ ಎಲ್ಲಾ ಅದರಲ್ಲಿದೆ. ಕಣವನ್ನ ಮತ್ತೆ ಕದಡೋಕೂ ಆ ತಿಳಿಯನ್ನೇ ಬಳಸಿ, ಕಂಟ್ರೋಲ್ ಪೆಡಾಟ್‌ಗೂ ಅದನ್ನೇ ಅಷ್ಟೇ ಪ್ರಮಾಣದಲ್ಲಿ ಸೇರಿಸಿ. ಎರಡು ಸೆಲ್‌ಗೂ ಇರೋ ವ್ಯತ್ಯಾಸ ಚಿನ್ನ ಒಂದೇ ಆಗುತ್ತೆ. ಇಷ್ಟು ಸುಲಭದ ಕಂಟ್ರೋಲನ್ನ ತುಂಬ ಜನ ಬಿಟ್ಟುಬಿಡ್ತಾರೆ ಅನ್ನೋದು ನನಗೆ ನಿಜವಾಗ್ಲೂ ಬೇಜಾರಿನ ವಿಷಯ.

ಅಳತೆಗೆ ಸೋಲಾರ್ ಸಿಮ್ಯುಲೇಟರ್, ಎಎಂ 1.5ಜಿ, ಚದರ ಮೀಟರಿಗೆ 1000 ವಾಟ್. ಟೆರೇಸ್ ಮೇಲೆ ಬಿಸಿಲಿಗೆ ಹಿಡಿದು ತೆಗೆದ ನಂಬರ್ ಹೋಲಿಕೆಗೆ ಬರಲ್ಲ, ನಮ್ಮೂರ ಮೋಡ ಎರಡು ನಿಮಿಷ ಒಂದೇ ತರ ಇರಲ್ಲ. ಸೆಲ್ ಮುಂದೆ ಅಳತೆ ಗೊತ್ತಿರೋ ತೂತಿನ ಮಾಸ್ಕ್ ಇರ್ಲೇಬೇಕು, ಚದುರಿಸೋ ಕಣ ಹಾಕಿದಾಗ ಸೆಲ್ ಪಕ್ಕದಲ್ಲಿ ಬಿದ್ದ ಬೆಳಕೂ ಗಾಜಿನೊಳಗೆ ಹರಿದು ಬಂದು ಲೆಕ್ಕ ಕೆಡಿಸುತ್ತೆ.

ಆಮೇಲೆ ಇಕ್ಯೂಇ, ಅಂದ್ರೆ ಒಂದೊಂದು ವೇವ್‌ಲೆಂತ್‌ಗೂ ಎಷ್ಟು ಫೋಟಾನ್ ಕರೆಂಟ್ ಆಯ್ತು ಅನ್ನೋ ಗೆರೆ. ಇದೇ ನಿಮ್ಮ ಮುಖ್ಯ ಸಾಕ್ಷಿ. ಕಣ ಇರೋ ಸೆಲ್‌ನ ಇಕ್ಯೂಇಯನ್ನ ಕಂಟ್ರೋಲ್‌ನದರಿಂದ ಭಾಗಿಸಿ ಗ್ರಾಫ್ ಹಾಕಿ. ರೆಸೊನೆನ್ಸ್ ಇರೋ ಜಾಗದಲ್ಲಿ, ಇಲ್ಲ ಅದರ ಸ್ವಲ್ಪ ಕೆಂಪು ಕಡೆ ಉಬ್ಬಿದ್ದು ಬಾಕಿ ಕಡೆ 1ರ ಮೇಲೇ ಮಲಗಿದ್ರೆ ಅದು ಬೆಳಕಿನ ಲಾಭ. 400ರಿಂದ 650ರ ತನಕ ಎಲ್ಲಾ ಕಡೆ ಒಂದೇ ಸಮ 5 ಪರ್ಸೆಂಟ್ ಏರಿದ್ರೆ ಅದು ಎಲೆಕ್ಟ್ರಿಕಲ್, ಚಾರ್ಜ್ ಹೊರಗೆ ತೆಗೆಯೋದು ಸುಧಾರಿಸಿದೆ. ಫಿಲ್ ಫ್ಯಾಕ್ಟರ್ ಮಾತ್ರ ಏರಿ ಕರೆಂಟ್ ನಿಂತಲ್ಲೇ ನಿಂತಿದ್ರೂ ಅದೇ ಅರ್ಥ. ಎಲೆಕ್ಟ್ರಿಕಲ್ ಲಾಭವೂ ಲಾಭವೇ, ಅದನ್ನ ಅದರ ಹೆಸರಲ್ಲೇ ಥೀಸಿಸ್‌ನಲ್ಲಿ ಬರೀರಿ. ಇಕ್ಯೂಇಯನ್ನ ಸೂರ್ಯನ ಸ್ಪೆಕ್ಟ್ರಮ್ ಜೊತೆ ಕೂಡಿಸಿ ಬಂದ ಕರೆಂಟ್, ಸಿಮ್ಯುಲೇಟರ್ ಕರೆಂಟ್ ಜೊತೆ 5 ಪರ್ಸೆಂಟ್ ಒಳಗೆ ಹೊಂದ್ಬೇಕು, ಹೊಂದಲಿಲ್ಲ ಅಂದ್ರೆ ಮಾಸ್ಕ್ ಇಲ್ಲ ಲ್ಯಾಂಪ್ ಎರಡರಲ್ಲಿ ಒಂದು ಸರಿ ಇಲ್ಲ.

ಇನ್ನೊಂದು ಅಳತೆ ಇಂಟಿಗ್ರೇಟಿಂಗ್ ಸ್ಫಿಯರ್‌ನಲ್ಲಿ ಪೂರ್ತಿ ಸೆಲ್‌ನ ರಿಫ್ಲೆಕ್ಷನ್. ಹಿಂದೆ ಅಲ್ಯುಮಿನಿಯಂ ಇರೋದ್ರಿಂದ ಬೆಳಕು ದಾಟಿ ಹೋಗಲ್ಲ, ವಾಪಸ್ ಬರದೇ ಇದ್ದದ್ದೆಲ್ಲ ಒಳಗೆ ಹೀರಿದ್ದು. ಹೀರಿಕೆ 4 ಪರ್ಸೆಂಟ್ ಏರಿ ಇಕ್ಯೂಇ 1 ಪರ್ಸೆಂಟ್ ಮಾತ್ರ ಏರಿದ್ರೆ ಬಾಕಿ ಮೂರು ಲೋಹದ ಒಳಗೇ ಬಿಸಿಯಾಗಿ ಹೋಗಿದೆ. ಬರೀ ಫಿಲಂನ ಯುವಿ-ವಿಸಿಬಲ್ ತೋರಿಸಿ ಹೀರಿಕೆ ಹೆಚ್ಚಾಯ್ತು ಅಂದ್ರೆ ಸಾಲದು ಅನ್ನೋದು ಇದಕ್ಕೇ, ಚಿನ್ನ ಹೀರಿದ್ದೂ ಪಾಲಿಮರ್ ಹೀರಿದ್ದೂ ಆ ಗೆರೆಯಲ್ಲಿ ಬೇರೆ ಬೇರೆಯಾಗಿ ಕಾಣಲ್ಲ.

ಬೆಳ್ಳಿ ಹಾಕಿದ ಸೆಲ್‌ಗಳನ್ನ ಅಳೆದು ಅಲ್ಲಿಗೇ ಬಿಡ್ಬೇಡಿ. ಒಂದಷ್ಟನ್ನ ಗ್ಲೋವ್ ಬಾಕ್ಸ್‌ನಲ್ಲಿ ಕತ್ತಲಲ್ಲಿ, ಒಂದಷ್ಟನ್ನ ಬೆಳಕಲ್ಲಿ ಇಟ್ಟು ವಾರಕ್ಕೊಂದು ಸಲ ಜೆವಿ ಅಂದ್ರೆ ಕರೆಂಟ್-ವೋಲ್ಟೇಜ್ ಗೆರೆ ತೆಗೀತಾ ಹೋಗಿ, ಪಕ್ಕದಲ್ಲಿ ಬೆಳ್ಳಿ ಇಲ್ಲದ ಸೆಲ್ಲೂ ಅಷ್ಟೇ ಸಂಖ್ಯೇಲಿ ಇರ್ಲಿ. ಬೆಳ್ಳಿ ಓಡಾಡೋಕೆ ಶುರು ಮಾಡಿದ್ರೆ ಮೊದ್ಲು ಶಂಟ್ ರೆಸಿಸ್ಟೆನ್ಸ್ (ಸೆಲ್ ಒಳಗೆ ಕರೆಂಟ್ ಸೋರದ ಹಾಗೆ ತಡೆಯೋ ರೆಸಿಸ್ಟೆನ್ಸ್) ಬೀಳುತ್ತೆ, ಆಮೇಲೆ ಫಿಲ್ ಫ್ಯಾಕ್ಟರ್, ಆ ಗೆರೆಗಳು ಕೈಲಿದ್ದಾಗ ಮಾಲಿಬ್ಡಿನಂ ಆಕ್ಸೈಡ್ ದಪ್ಪವನ್ನ 5ರಿಂದ 10ಕ್ಕೆ ಏರಿಸ್ಬೇಕಾ ಬೇಡ್ವಾ ಅಂತ ನೀವೇ ತೀರ್ಮಾನ ಮಾಡ್ಬಹುದು.